ದೂರ ಸರಿದ ದೀಪ

ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಅಸಂಖ್ಯ ಕ್ಷುದ್ರಗ್ರಹಗಳಲ್ಲಿ ಅದೂ ಒಂದು, ಗುಡ್ಡದಷ್ಟೇ ದೊಡ್ಡ ಬಂಡೆ. ಅದರ ಮೇಲೆ ನಿಂತವರಿಗೆ ಮೈಭಾರವೇ ಗೊತ್ತಾಗುವುದಿಲ್ಲ. ಕಾಲನ್ನು ಸ್ವಲ್ಪ ಜೋರಾಗಿ ಊರಿದರೂ ಮೇಲೆದ್ದು ತೇಲಿಹೋಗುತ್ತಾರೆ, ಮತ್ತೆ ಇಳಿಯುವುದಿಲ್ಲ. ಅದಕ್ಕೇ ಅಲ್ಲಿ ಕಲ್ಲಿನ ಮಾದರಿ ಸಂಗ್ರಹಿಸಲು ಬಂದಿದ್ದ ಗಂಡ ಹೆಂಡತಿ, ಬಂಡೆಗೆ ಹೊಡೆದ ಗೂಟಕ್ಕೆ ತಮ್ಮನ್ನು ಹಗ್ಗದಿಂದ ಬಿಗಿದುಕೊಂಡಿದ್ದರು. ಅವರನ್ನು ಇಳಿಸಿದ್ದ ನೌಕೆ ಬಹು ದೂರದಲ್ಲಿತ್ತು.

ಬಂಡೆ ತಿರುಗಿ ಅವರಿದ್ದ ಮಗ್ಗುಲು ಕತ್ತಲಾಯಿತು. ಗಂಡನ ಹೆಲ್ಮೆಟ್ಟಿನ ದೀಪ ಮೆಲ್ಲಗೆ ದೂರ ಸರಿಯುವುದು ಅವಳಿಗೆ ಕಂಡಿತು.

"ರೀ, ನಿಮ್ಮ ಹಗ್ಗ ಬಿಚ್ಕೊಂಡಿದೆ! ತೇಲ್ಕೊಂಡು ಹೋಗ್ತಿದೀರಿ!" ಎಂದು ರೇಡಿಯೋದಲ್ಲಿ ಕೂಗಿದಳು.

ಆ ದೀಪ ಅವಳತ್ತ ತಿರುಗಿತು.

"ಹೂಂ ಕಣೇ," ಎಂದ ಆಮೇಲೆ.

"ಹಗ್ಗ ಎಸೀಲಾ?"

"ಎಟುಕಲ್ಲ. ನೀನು ಅಲ್ಲಾಡದೆ ಹಾಗೇ ಇರು."

"ನೌಕೆಗೆ ಹೇಳಿದ್ರಾ?"

"ಹೇಳಿದೆ. ಅದು ಬರೋ ಹೊತ್ತಿಗೆ ಗಾಳಿ ಮುಗಿದಿರುತ್ತೆ."



"ಬಲ್ಬು ಹಾಕೋಕೆ ಏಣಿ ಹತ್ತು ಅಂದ್ರೂ ಹೆದರೋ ಗಂಡಸು ನೀವು. ಇಲ್ಲೀ ತನಕ ಯಾಕಾದ್ರೂ ಬಂದ್ರಿ?" ಎಂದು ನಗಿಸಲು ನೋಡಿದಳು.

ಅವನು ಬಿಕ್ಕಿಬಿಕ್ಕಿ ಅತ್ತ.

"ಅಳ್ಬೇಡಿ ರೀ. ನಾನಿದೀನಲ್ಲ. ಕೊನೇವರೆಗೂ ಮಾತಾಡ್ತಾನೇ ಇರ್ತೀನಿ."

"ಮಾತಾಡು. ನಿಲ್ಲಿಸ್ಬೇಡ," ಎಂದ. "ನಿಂಗೆ ಭಯ ಆಗ್ತಿಲ್ಲ ತಾನೆ?"

"ನಂಗೇನಾಗಿದೆ? ನಿಮ್ಮದೇ ಚಿಂತೆ."

"ಅಷ್ಟು ಸಾಕು."

ದೀಪ ಚುಕ್ಕಿಯಷ್ಟಾಯಿತು. ಅವಳು ಅದನ್ನೇ ನೋಡುತ್ತಾ ಮಾತಾಡುತ್ತಲೇ ಇದ್ದಳು.

ಆಗ ಬಿಸಿಲು ಬಿತ್ತು; ದೂರದಲ್ಲಿ ಇಡೀ ಬಂಡೆ ಕಾಣಿಸಿತು, ಅದರ ಮೇಲೆ ಅವಳ ಕಡೆಗೆ ಎರಡೂ ಕೈ ಚಾಚಿಕೊಂಡು ಗಂಡ ನಿಂತಿದ್ದ.