ಗೆರೆ ದಾಟಿದ ನೀರು

ಗಾಜಿನ ಕೊಳವೆಗೆ ಗೆರೆಯವರೆಗೆ ನೀರು ಹಾಕಿ, ಮೇಲೆ ಕ್ಯಾನಿನ ಪೆಟ್ರೋಲ್ ಸುರಿದು, ಬಾಯಿಗೆ ಹೆಬ್ಬೆರಳು ಒತ್ತಿ ಕ್ಯಾಪ್ಟನ್ ಚೆನ್ನಾಗಿ ಕುಲುಕಿದರು. ಬೆಳಕಿಗೆ ಹಿಡಿದು ಕಾದರು. ಪೆಟ್ರೋಲ್ ಮೇಲಕ್ಕೆ ಬಂತು, ನೀರು ತಳಕ್ಕಿಳಿಯಿತು. ಆದರೆ ನೀರು ಗೆರೆ ದಾಟಿ ಮೇಲೆ ನಿಂತಿತ್ತು. ಪೆಟ್ರೋಲಿನಲ್ಲಿದ್ದ ಎಥನಾಲ್ ನೀರಿಗೆ ಸೇರಿಕೊಂಡಿದೆ ಎಂದೇ ಅದರ ಅರ್ಥ.

"ಥತ್! ಇದರದೂ ಅದೇ ಹಣೆಬರಹ," ಎಂದರು. ಮೊದಲು ಹೋದ ಬಂಕಿನ ಪೆಟ್ರೋಲೂ ಹೀಗೇ ಕೈಕೊಟ್ಟಿತ್ತು.

ವಿಮಾನ ನಿಲ್ದಾಣದಲ್ಲೇ ಇಂಧನಕ್ಕೆ ಬರ ಎಂದರೆ ಯಾರಾದರೂ ನಕ್ಕಾರು. ದೊಡ್ಡ ವಿಮಾನಗಳಿಗೆ ಕುಡಿಸುವ ಟ್ಯಾಂಕರ್ ಬೇಲಿಯಾಚೆ ಹೊಟ್ಟೆ ತುಂಬಿಕೊಂಡು ನಿಂತಿತ್ತು. ಆದರೆ ಅದು ಸೀಮೆಎಣ್ಣೆಯ ಜಾತಿ, ಇವರ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಆಗಿಬರದು. ಸಣ್ಣ ವಿಮಾನಗಳ ಪಂಪಿಗೆ ಗಿರಾಕಿಯಿಲ್ಲವೆಂದು ಹೋದ ವರ್ಷವೇ ಬೀಗ ಬಿದ್ದಿತ್ತು. ಕಾರಿನ ಪೆಟ್ರೋಲ್ ಹಾಕಲು ಅನುಮತಿಯೇನೋ ಇದೆ, ಎಥನಾಲ್ ಮಾತ್ರ ಸೇರಿರಬಾರದು. ಅದು ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಕೆಮ್ಮಿದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬಹುದು. ಆಕಾಶದಲ್ಲಿ ಪಕ್ಕ ಎಲ್ಲಿಂದ ತರುವುದು?

ಅದೂ ಇವತ್ತೇ ಕಡೆಯ ದಿನ. ಕ್ಯಾಪ್ಟನ್ನರ ಕಣ್ಣು ನೋಡಿದ ಡಾಕ್ಟರು ಕೈ ಚೆಲ್ಲಿದ್ದರು. ಲೈಸೆನ್ಸಿನ ಅವಧಿ ಇವತ್ತಿಗೆ ಮುಗಿಯುತ್ತದೆ, ನಾಳೆಯಿಂದ ವಿಮಾನ ಹಾರಿಸುವಂತಿಲ್ಲ. ಮದುವೆಯಾದಾಗಿನಿಂದ ಗೋಗರೆದರೂ ಒಮ್ಮೆಯೂ ಹತ್ತದ ಹೆಂಡತಿ, ಇವತ್ತು ಬೆಳಿಗ್ಗೆ ಏನನ್ನಿಸಿತೋ, "ಆಯ್ತು, ಬರ್ತೀನಿ" ಎಂದುಬಿಟ್ಟಿದ್ದರು. ಅವರ ಹೆದರಿಕೆ ವಿಮಾನದ್ದಲ್ಲ, ಗಂಡನ "ಏನಾಗಲ್ಲ ಬಾರೇ" ಎಂಬ ಮಾತಿನದು. ಬ್ರೇಕಿಲ್ಲದ ಸ್ಕೂಟರಿಗೂ ಆತ ಅದನ್ನೇ ಹೇಳಿ, ಹೊಸ ಹೆಂಡತಿಯನ್ನು ಚರಂಡಿಗೆ ಕೆಡವಿದ್ದ ಮಹಾನುಭಾವ. ಆದರೂ ಈಗ ಆಕೆ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ರೆಕ್ಕೆಯ ಪಕ್ಕ ನಿಂತಿದ್ದರು. ಮೇಲಿನಿಂದ ಮನೆ ಗುರುತು ಸಿಗಲೆಂದು ಕ್ಯಾಪ್ಟನ್ ತಾರಸಿಯ ಮೇಲೆ ಕೆಂಪು ಕಂಬಳಿ ಹರವಿ ಬಂದಿದ್ದರು.

ಫೋಟೋ ತೆಗೆಯಲು ಬಂದ ಭಾಮೈದನಿಗೆ ತಾಳ್ಮೆ ಮುಗಿದಿತ್ತು. "ಭಾವ, ಬೆಳಕು ಹೋಗ್ತಿದೆ. ಇನ್ನೂ ಎಷ್ಟು ಹೊತ್ತು?"

"ನೀರು ಗೆರೆ ದಾಟಿದೆ ಕಣಯ್ಯ."

"ನನ್ನ ಕಾರು ದಿನಾ ಇದರಲ್ಲೇ ಓಡುತ್ತೆ. ಒಂದು ಸುತ್ತು ಹೊಡೆಯೋಕೆ ಇಷ್ಟೆಲ್ಲಾ ಶಾಸ್ತ್ರ ಯಾಕೆ? ಅಕ್ಕ ಮನಸ್ಸು ಬದಲಾಯಿಸೋ ಮುಂಚೆ ಹತ್ತಿಸ್ಕೊಂಡು ಹೋಗಿಬಿಡಿ!"

ಹೌದು, ಬಹುಶಃ ಏನೂ ಆಗುತ್ತಿರಲಿಲ್ಲ. ಇಂಥದ್ದೇ ಪೆಟ್ರೋಲ್ ತುಂಬಿಸಿ ಹಾರಿ, ಇಳಿದು, ಮೀಸೆ ತಿರುವಿದವರನ್ನು ಕ್ಯಾಪ್ಟನ್ ಕಂಡಿದ್ದರು. ಕ್ಯಾನಿನ ಮುಚ್ಚಳ ಹೇಗೂ ತೆರೆದೇ ಇತ್ತು.

ಹೆಂಡತಿ ಹತ್ತಿರ ಬಂದರು. "ಏನ್ರೀ ಅದು ಕೊಳವೆ? ಏನಂತೆ?"

ಆ ಗೆರೆ ಏನು ಹೇಳುತ್ತದೆಂದು ಆಕೆಗೆ ತಿಳಿಯದು. ಹೇಳಿದ್ದನ್ನು ನಂಬುತ್ತಿದ್ದರು. ಕ್ಯಾಪ್ಟನ್ ಬಾಯಿ ತೆರೆದರು. "ಏನಾಗ..." ಎನ್ನುವಷ್ಟು ನಾಲಿಗೆಯಿಂದ ಜಾರಿಯೇ ಹೋಯಿತು. ಉಳಿದಿದ್ದನ್ನು ನುಂಗಿಕೊಂಡರು.

"ಬೇಡ ಕಣೇ," ಎಂದರು. "ಈ ಪೆಟ್ರೋಲ್ ಸರಿಯಿಲ್ಲ. ನಾನೊಬ್ಬನೇ ಆಗಿದ್ರೆ ಹಾರಿಬಿಡ್ತಿದ್ನೇನೋ. ನಿನ್ನ ಕೂರಿಸ್ಕೊಂಡು ಹೋಗಲಾರೆ."

"ನಾಳೆ ಬೇರೆ ಕಡೆಯಿಂದ ತರಿಸಿದ್ರೆ?"

"ನಾಳೆ ನಾನು ಪೈಲಟ್ ಅಲ್ವಲ್ಲೇ."

ಕ್ಯಾನ್ ಎತ್ತಿಕೊಂಡು ಹೋಗಿ ಪೆಟ್ರೋಲನ್ನೆಲ್ಲ ಭಾಮೈದನ ಕಾರಿಗೆ ಸುರಿದರು. ಅಳು ಬರುತ್ತಿತ್ತು, ಪೆಟ್ರೋಲ್ ವಾಸನೆಗೆ ಕಣ್ಣುರಿ ಎಂದು ಗೊಣಗಿದರು. ಭಾಮೈದ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

ಹೆಂಡತಿ ಪುಟ್ಟ ವಿಮಾನವನ್ನು ಬಾಲದಿಂದ ಮೂತಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಗಂಡನ ಕೈಯಿಂದ ಖಾಲಿ ಕ್ಯಾನ್ ತೆಗೆದುಕೊಂಡರು.

"ಬೇಡ ಅನ್ನೋಕೂ ನಿಮಗೆ ಬರುತ್ತೆ ಅಂತ ಮೊದಲೇ ಗೊತ್ತಿದ್ದಿದ್ರೆ, ಮದುವೆಯಾದ ವರ್ಷವೇ ಹತ್ತಿ ಕೂತಿರ್ತಿದ್ದೆ ಕಣ್ರೀ."