ಬೇರೆ ಮನೆಯ ಬಳ್ಳಿ

ಚಿದಾನಂದ ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ.

"ಸತ್ತವರನ್ನ ಯಾಕ ಎಬ್ಬಸ್ತಿ? ಮಲಗಿದವರು ಮಲಗಿರಲಿ ಬಿಡು."

ನಿವೇದಿತಾ ಇನ್ನೊಂದು ಪೆನ್ಸಿಲ್ ತೆಗೆದಳು. ಟೇಬಲ್ಲಿನ ಉದ್ದಕ್ಕೂ ವಾಲ್‌ಪೇಪರಿನ ಹಾಳೆಯೊಂದು ಬೆನ್ನು ಮೇಲಾಗಿ ಬಿದ್ದಿತ್ತು. ಅದರ ಮೇಲೆ ಅವಳು ವಂಶವೃಕ್ಷ ಬರೆಯುತ್ತಿದ್ದಳು. ಹವ್ಯಾಸಕ್ಕಲ್ಲ. ಹೋದ ತಿಂಗಳು ಇಂಗ್ಲೆಂಡಿನ ಡರ್ಬಿಯ ಈಜುಕೊಳಕ್ಕೆ ಧುಮುಕಿದ ಅವಳ ಎಂಟು ವರ್ಷದ ಮಗಳು ಅಪೂರ್ವಾ ಮೇಲೆ ಬಂದಿರಲಿಲ್ಲ. ಎತ್ತಿ ಹಾಕಿದ ಮೇಲೆ ತಾನಾಗಿಯೇ ಕಣ್ಣು ಬಿಟ್ಟಿದ್ದಳು.

ಹೃದಯದ ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಹಸಿವಿನ ತಲೆಸುತ್ತೂ ಇರಬಹುದು. ಈಜುವಾಗಲೇ ಹೃದಯ ನಿಲ್ಲಿಸುವ, ರಕ್ತದಲ್ಲಿ ಇಳಿದುಬರುವ ಕಾಯಿಲೆಯೂ ಇರಬಹುದು. ಮನೆತನದಲ್ಲಿ ಹಠಾತ್ತನೆ ಸತ್ತವರು ಯಾರು ಯಾರು, ಮೊದಲು ಹುಡುಕಿ. ಅಲ್ಲಿಯವರೆಗೆ ಮಗುವನ್ನು ನೀರಿಗಿಳಿಸಬೇಡಿ.

ಆ ಮಗುವೋ, ಈ ಶನಿವಾರ ಬೆಳಿಗ್ಗೆಯೇ ಹಣೆಗೆ ಈಜುವ ಕನ್ನಡಕ ಏರಿಸಿಕೊಂಡು ವುಲ್ವರ್‌ಹ್ಯಾಂಪ್ಟನ್ನಿನ ಅಜ್ಜನ ಮನೆಯಲ್ಲಿ ಮುಷ್ಕರ ಹೂಡಿತ್ತು. ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನಲ್ಲಿ ಕ್ಲಬ್ಬಿನ ಸ್ಪರ್ಧೆ.

"ಮಮ್ಮಿ, ಪ್ಲೀಸ್! ಒನ್ ಲೆಂತ್ ಓನ್ಲಿ!"

ಗಂಡ ಭುವನ್‌ನ ಕಡೆ ಚಿಂತೆಯಿರಲಿಲ್ಲ. ಅವರ ಮನೆಗೆ ಬಂದ ಯಮ ಬಾಗಿಲು ತಟ್ಟಿ ತಟ್ಟಿ ಬೇಸತ್ತು ಹೋಗಬೇಕು, ಅಂಥ ಆಯುಸ್ಸು. ಇನ್ನು ತನ್ನ ತಾಯಿ ಭಾಗ್ಯಳ ತಂದೆ ಧಾರವಾಡದಲ್ಲಿ ಈ ವಯಸ್ಸಿನಲ್ಲೂ ಸೈಕಲ್ ತುಳಿಯುತ್ತಿದ್ದ. ಭಾಗ್ಯಳ ತಾಯಿ ಮಾತ್ರ ಬೇಗ ಹೋಗಿದ್ದಳು.

"ಏನಾಗಿತ್ತಮ್ಮ ಅವರಿಗೆ?"

"ನಾ ತೊಟ್ಟಲದಾಗ ಇದ್ದೆ. ನನಗೇನ ಗೊತ್ತು?" ಭಾಗ್ಯ ಸೆರಗಿನಿಂದ ಕೈ ಒರೆಸಿಕೊಂಡಳು. "ಈ ದೇಶದಾಗ ಡಾಕ್ಟರ್ ಕೇಳಿದ್ದಕ್ಕೆಲ್ಲ ಬಾಯಿ ಬಿಡಬಾರದು. ನೀ ಹುಟ್ಟಿದಾಗೂ ಹಿಂಗ ಕೆದಕಿ ಕೆದಕಿ ಕೇಳಿದ್ರು."

ಆ ಕಾಲ, ಆ ಊರು. ಬಾಣಂತನವೇ ಇರಬೇಕೆಂದು ನಿವೇದಿತಾ ಬರೆದುಕೊಂಡಳು.

ಪೆನ್ಸಿಲ್ ತಂದೆಯ ಕಡೆಗೆ ತಿರುಗಿತು. ಅವಳು ಬಿಡದೆ ಕೇಳಿದಾಗ ಚಿದಾನಂದ ಒಲ್ಲದ ಮನಸ್ಸಿನಿಂದ ಒಂದೊಂದೇ ಸಾವನ್ನು ಹೇಳಿದ. ಅಲ್ಲಿ ಒಂದೊಂದು ಹೆಸರಿಗೂ ಒಂದೊಂದು ಹೆಣ. ಮುತ್ತಜ್ಜ ಮದುವೆ ಮೆರವಣಿಗೆಯಲ್ಲಿ ಕುಣಿಯುತ್ತ ಕುಸಿದ. ಅಜ್ಜ ಕರಬಸಪ್ಪ ಕೆರೆಯಲ್ಲಿ ಎತ್ತು ತೊಳೆಯುತ್ತಿದ್ದವನು ನೀರಲ್ಲಿ ತೇಲಿದ. ಊರಿಗೇ ಈಜು ಕಲಿಸಿದ ಗಂಡಸು. ಚಿದಾನಂದನ ಅಕ್ಕ ನೀಲವ್ವ ಮಲಪ್ರಭೆಯಲ್ಲಿ ಮಿಂದು ಬರುತ್ತೇನೆಂದು ಹೋದವಳು ಬರಲೇ ಇಲ್ಲ.

ನೀಲವ್ವನ ಫೋಟೊ ಇದೇ ಕೋಣೆಯ ಗೋಡೆಯ ಮೇಲಿತ್ತು. ಭಾಗ್ಯ ದಿನವೂ ಅದಕ್ಕೆ ಹೂ ಏರಿಸಿ ಕೈ ಮುಗಿಯುತ್ತಿದ್ದಳು. ಗಂಡನ ಅಕ್ಕನಿಗೆ ಇಷ್ಟು ಸೇವೆ ಮಾಡುವ ಹೆಂಗಸು ದೀಪ ಹಚ್ಚಿ ಹುಡುಕಿದರೂ ಸಿಗಲಿಕ್ಕಿಲ್ಲ.

"ನೀಲವ್ವ ಅತ್ತೆಗೆ ಮಕ್ಕಳಿದ್ವಾ?"

"ಅದು ಬ್ಯಾರೆ ಮನಿ ಬಳ್ಳಿ," ಚಿದಾನಂದ ಥಟ್ಟನೆ ಹೇಳಿದ. "ಲಗ್ನ ಆಗಿ ಹೋದಾಕಿ. ವಂಶದಾಗ ಬರೂದಿಲ್ಲ."

ಭಾಗ್ಯ ಅಡುಗೆಮನೆಗೆ ಎದ್ದು ಹೋದಳು.

ನಿವೇದಿತಾಳ ಬೆರಳು ಹಾಳೆಯ ಮೇಲೆ ಜಾರಿತು. ಮುತ್ತಜ್ಜ, ಕರಬಸಪ್ಪ, ಚಿದಾನಂದ, ನಿವೇದಿತಾ. ಕೊನೆಗೆ ಅಪೂರ್ವಾ. ಬೆರಳು ಅಲ್ಲೇ ನಿಂತಿತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಇಷ್ಟು ದಿನ ಯಾಕ ಮುಚ್ಚಿಟ್ಟಿ ಅಪ್ಪಾ? ನನ್ನ ಮಗಳು ಹೋಗಿಬಿಟ್ರ?"

ಚಿದಾನಂದ ಕಿಟಕಿಯ ಕಡೆ ಮುಖ ತಿರುಗಿಸಿದ. ಜನ್ಮವಿಡೀ ಕಾಪಾಡಿಕೊಂಡ ಮಾನವನ್ನು ಕೈಯಾರೆ ಬಿಚ್ಚಿಡುವುದು ಯಾರಿಗೂ ಸುಲಭವಲ್ಲ.

"ಆ ರಕ್ತ ನನ್ನ ಮೈಯಾಗ ಇಲ್ಲವ್ವ. ನಾ ದತ್ತು. ಅಪ್ಪ ಸತ್ತ ಮ್ಯಾಲೆ ಮನಿಗೆ ಗಂಡು ಬೇಕಂತ ಅವ್ವ ತನ್ನ ತವರಿನಿಂದ ತಂದ ಕೂಸು ನಾನು. ನೀ ನನ್ನನ್ನ ಹೊರಗಿನವ ಅಂತ ತಿಳಕೋತಿ ಅಂತ ಹೇಳಲಿಲ್ಲ."

ನಿವೇದಿತಾ ಅವನ ಕೊರಳು ಅಪ್ಪಿಕೊಂಡು ಅಳುತ್ತಲೇ ನಕ್ಕಳು. ಕರಬಸಪ್ಪನಿಂದ ಚಿದಾನಂದನಿಗೆ ಇಳಿದಿದ್ದ ಗೆರೆಯನ್ನು ರಬ್ಬರಿನಿಂದ ತಿಕ್ಕಿ ತಿಕ್ಕಿ ಅಳಿಸಿದಳು. ಹಾಳೆಯೇ ಹರಿಯುವಷ್ಟು ತಿಕ್ಕಿದಳು. ಡಾಕ್ಟರು ಹೇಳಿದ್ದು ಆಯಿತಲ್ಲ: ಹುಡುಕಿದ್ದಾಯಿತು, ಏನೂ ಇಲ್ಲ.

"ಅಪೂ, ಹೋಗು. ಕಪ್ ತಗೊಂಡೇ ಬಾ."

"ಇವತ್ತೊಂದಿನ ನೀರು ಬ್ಯಾಡ. ಅಮಾಸಿ ಐತಿ," ಎಂದಳು ಭಾಗ್ಯ ಬಾಗಿಲಲ್ಲಿ ನಿಂತು. ಅಮಾವಾಸ್ಯೆಯ ಮಾತನ್ನು ಯಾರು ಕೇಳುತ್ತಾರೆ? ಭುವನ್ ಆಗಲೇ ಕಾರು ಚಾಲೂ ಮಾಡಿದ್ದ.

ಅವರು ಹೋದ ಮೇಲೆ ನಿವೇದಿತಾ ಬೈಲಹೊಂಗಲಕ್ಕೆ ಫೋನ್ ಮಾಡಿದಳು. ಕರಬಸಪ್ಪನ ಹೆಂಡತಿ, ತೊಂಬತ್ತು ದಾಟಿದ ಸಿದ್ದವ್ವ ಅಜ್ಜಿಗೆ ಕಿವಿ ಇನ್ನೂ ಚುರುಕು.

"ಅಜ್ಜಿ, ಅಪ್ಪ ಎಲ್ಲಾ ಹೇಳಿದ. ಅವನನ್ನ ದತ್ತು ತಗೊಂಡು ನೀ ನನ್ನ ಮಗಳ ಜೀವ ಉಳಿಸಿದಿ!"

"ಹೇಳೇಬಿಟ್ಟನ?" ಮುದುಕಿ ಗೊಣಗಿದಳು. "ಹೋಗ್ಲಿ. ಇನ್ನೊಂದನ್ನೂ ಹೇಳ್ಯಾನಲ್ಲ? ಆ ದೇಶದಾಗ ಗೊತ್ತಾದ್ರ ಜೇಲಿಗೆ ಹಾಕ್ತಾರಂತ ಗಂಡ ಹೆಂಡತಿ ಹೆದರಿ ಸಾಯ್ತಿದ್ರು."

"ಇನ್ನೊಂದು ಯಾವುದು?"

ಅಷ್ಟರಲ್ಲಿ ಫೋನಿಗೆ ಭುವನ್‌ನ ಸಂದೇಶ ಬಂತು. ಟೋಪಿ ತೊಟ್ಟು ಕೊಳದ ಅಂಚಿನಲ್ಲಿ ನಿಂತ ಅಪೂರ್ವಾ. ಕೆಳಗೆ ಒಂದು ಸಾಲು: ಇವಳದೇ ಮೊದಲ ರೇಸ್, ಫೋನ್ ಲಾಕರಿಗೆ ಹಾಕ್ತಿದ್ದೀನಿ.

ಗೋಡೆಯ ಫೋಟೊಗೆ ಹೂ ಏರಿಸುತ್ತಿದ್ದ ಭಾಗ್ಯ ತಿರುಗಿ ಮಗಳನ್ನು ನೋಡಿದಳು. ಸ್ಪೀಕರಿನಲ್ಲಿ ಸಿದ್ದವ್ವನ ದನಿ ಹೆಮ್ಮೆಯಿಂದ ಏರಿತು.

"ಮಗ ಹೊರಗಿನವ ಆದ್ರೇನಾತು, ನಿಮ್ಮಜ್ಜನ ರಕ್ತ ನಾ ಮನಿ ಬಿಟ್ಟು ಹೋಗಾಕ ಬಿಡ್ತೀನೇನ? ಅವಗ ಕೊಟ್ಟು ಲಗ್ನ ಮಾಡಿದ್ದು ಯಾರನ್ನ ಅಂತ ತಿಳದಿ? ನಿಮ್ಮವ್ವ ನನ್ನ ನೀಲವ್ವನ ಮಗಳವ್ವ."