ಗುರುಗ್ರಹ ನಿಂತ ಗಳಿಗೆ

"ಅಲ್ಲಿ ನಿಲ್ಲಾಕ ನೆಲಾನೇ ಇಲ್ರೀ. ಬರೀ ಗ್ಯಾಸು," ಎನ್ನುತ್ತ ಮೌನೇಶ್ವರಿ ಸ್ವಿಚ್ಚು ಹಾಕಿದಳು. ಹಳೆಯ ಕೂಲರಿನ ಮೋಟರು ಗುರ್ರೆಂದಿತು, ಬೆಲ್ಟು ಓಡಿತು, ಬಣ್ಣ ಬಳಿದ ಪ್ಲಾಸ್ಟಿಕ್ ಪಟ್ಟಿಗಳ ಗುರುಗ್ರಹ ಗಿರಗಿರನೆ ತಿರುಗಿತು. "ಇಷ್ಟು ದೊಡ್ಡ ಗ್ರಹ ಹತ್ತು ತಾಸಿನೊಳಗ ಒಂದು ಸುತ್ತು ತಿರುಗತದ್ರೀ. ಆ ರಭಸಕ್ಕ ನಡಾ ಉಬ್ಬತದ, ನೆತ್ತಿ ಚಪ್ಪಟಿ ಆಗತದ."

ಸಿರವಾರದ ಆ ಶಾಲೆಯ ವಿಜ್ಞಾನ ಮೇಳಕ್ಕೆ ಚನ್ನವೀರ ಸಾಹುಕಾರರೇ ಮುಖ್ಯ ಅತಿಥಿ. ಎಂಥ ಸೆಕೆಯಿರಲಿ, ಅವರ ಕೊರಳಿಗೊಂದು ಶಾಲು ಬೀಳದೆ ಊರಿನಲ್ಲಿ ಯಾವ ಸಮಾರಂಭವೂ ಶುರುವಾಗುವುದಿಲ್ಲ. ಮೌನೇಶ್ವರಿಯ ಅಪ್ಪ ಸೂಗಪ್ಪ ಸತ್ತದ್ದು ಅವರ ರೈಸ್ ಮಿಲ್ಲಿನಲ್ಲೇ, ಹೋದ ವರ್ಷದ ಸುಗ್ಗಿಯಲ್ಲಿ. ಹೆಗಲ ಮೇಲಿನ ಟವೆಲ್ಲು ಬೆಲ್ಟಿಗೆ ಸಿಕ್ಕಿತ್ತು. ತಮ್ಮನ್ನು ಕೇಳದೆ ಯಾರೂ ಮಿಲ್ಲು ನಿಲ್ಲಿಸಕೂಡದೆಂದು ಸಾಹುಕಾರರ ಹುಕುಂ. ಕೂಲಿಯಾಳುಗಳು ಅವರನ್ನು ಕೇಳಲು ಮನೆಗೆ ಓಡಿದ್ದರು. ಸೂಗಪ್ಪನಿಗೇ ಮೈಮೇಲೆ ಖಬರಿರಲಿಲ್ಲ ಎಂದು ಹೇಳಿ ಸಾಹುಕಾರರು ಕೈ ತೊಳೆದುಕೊಂಡರು.

ಬೆಳಿಗ್ಗೆಯೇ ವಿಜಯಲಕ್ಷ್ಮಿ ಟೀಚರು ಹುಡುಗಿಯನ್ನು ಪಕ್ಕಕ್ಕೆ ಕರೆದಿದ್ದರು. "ಅವರ ಮುಂದ ಅಪ್ಪನ ಮಾತು ತೆಗೀಬ್ಯಾಡ ಯವ್ವಾ. ನೀ ರಾಯಚೂರಿನ ಜಿಲ್ಲಾ ಮೇಳಕ್ಕ ಆಯ್ಕಿ ಆಗಬೇಕು." ಅವಳು ಹೂಂ ಅಂದಿದ್ದಳು.

"ಈ ಕೆಂಪನ್ನ ಗೆರಿ ಏನವ್ವಾ?" ಸಾಹುಕಾರರು ಬಗ್ಗಿ ನೋಡಿದರು.

"ಬಿರುಗಾಳಿ ಚುಕ್ಕಿರೀ, ತಿರುಗೂದಕ್ಕ ಗೆರಿ ಕಂಡಂಗ ಕಾಣತದ. ನೂರು ವರ್ಷದ ಮ್ಯಾಲಾತು, ಇನ್ನೂ ನಿಂತಿಲ್ಲ."

ಇನ್ನಷ್ಟು ಬಗ್ಗಿದಾಗ ಶಾಲಿನ ತುದಿ ಜಾರಿ ಬೆಲ್ಟಿನ ಮೇಲೆ ಬಿತ್ತು. ಬೆಲ್ಟು ಅದನ್ನು ಸರ್ರನೆ ಎಳೆದುಕೊಂಡಿತು. ಕೊರಳ ಸುತ್ತಲಿನ ಸುತ್ತು ಬಿಗಿಯಿತು, ಸಾಹುಕಾರರ ಕಣ್ಣು ಮೇಲಾಯಿತು.

ಮೌನೇಶ್ವರಿಯ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒಂದು ಕ್ಷಣ ಅದು ಅಲ್ಲಾಡಲಿಲ್ಲ. ಅಲ್ಲಾಡುವುದೇ ಬೇಡ ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತಾನೇ ಹೆದರಿ ಬಂದ್ ಮಾಡಿಬಿಟ್ಟಳು.

ಗುರುಗ್ರಹ ನಿಂತಿತು.

"ಶಾಬಾಸ್," ಸಾಹುಕಾರರು ಬಗ್ಗಿದಲ್ಲೇ ಏದುಸಿರು ಬಿಟ್ಟರು. "ಯಾರ ಮಗಳವ್ವಾ ನೀ?"

ಟೀಚರು ಕಣ್ಣಲ್ಲೇ ಬೇಡವೆಂದರು.

"ಸೂಗಪ್ಪನ ಮಗಳ್ರೀ. ಬಂದ್ ಮಾಡಾಕ ನಾ ಯಾರನ್ನೂ ಕೇಳಲಿಲ್ಲ ನೋಡ್ರಿ."

ಶಾಲು ಬೆಲ್ಟಿನಿಂದ ಬಿಡಲಿಲ್ಲ. ಯಾರೋ ಕತ್ತರಿ ತರಲು ಓಡಿದರು. ಅದು ಬರುವವರೆಗೆ ಸಾಹುಕಾರರು ಆ ಹುಡುಗಿಯ ಮುಂದೆ ಕೊರಳು ಬಗ್ಗಿಸಿಕೊಂಡೇ ನಿಂತಿರಬೇಕಾಯಿತು.